ಕಾರ್ನೆಲಿಸ್ ಡ್ರೆಬೆಲ್

ಕಾರ್ನೆಲಿಸ್ ಡ್ರೆಬೆಲ್ (1572-1633) ಹಾಲೆಂಡಿನ ಯಂತ್ರಶಿಲ್ಪಿ, ಕೆತ್ತನೆಗಾರ ಮತ್ತು ರಸವಾದಿ. ನೀರಿನೊಳಗೆ ಚಲಿಸಬಲ್ಲ ದೋಣಿಯನ್ನು ಮೊದಲು ನಿರ್ಮಿಸಿ ಓಡಿಸಿದವನೆಂದು ಪ್ರಸಿದ್ಧನಾಗಿದ್ದಾನೆ. ಕುಲುಮೆ ಹಾಗೂ ಕೋಳಿಮೊಟ್ಟೆಗಳ ಕಾವುಪೆಟ್ಟಿಗೆಯ ಉಷ್ಣತೆಯನ್ನು ಮನುಷ್ಯನ ನೆರವಿಲ್ಲದೆ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಸಾಧನವನ್ನು ರೂಪಿಸಿದ್ದು ಈತನ ಇನ್ನೊಂದು ಮುಖ್ಯ ಸಾಧನೆ. ಇಂದು ಥರ್ಮೋಸ್ಟಾಟ್ ಎಂದು ಕರೆಯಲಾಗುವ ಉಪಕರಣದ ಮೊದಲ ರೂಪವಿದು. ತನ್ನ ಉಪಕರಣಗಳ ಬಗ್ಗೆ ಈತ ಹೆಚ್ಚೇನೂ ಬರೆದಿಡಲಿಲ್ಲವಾದ್ದರಿಂದ ಈ ಸಾಧನದ ಮಹತ್ತ್ವ ಬಹುಕಾಲ ಗಮನಕ್ಕೆ ಬಾರದೆ ಉಳಿಯಿತು.

ಜನನ ಮತ್ತು ಆರಂಭಿಕ ಜೀವನ

ಡ್ರೆಬೆಲ್ 1572ರಲ್ಲಿ ಹಾಲೆಂಡಿನ ಆಲ್ಕ್‌ಮಾರ್ ಪಟ್ಟಣದಲ್ಲಿ ಜನಿಸಿದ. ವಿಶ್ವವಿದ್ಯಾಲಯದ ಶಿಕ್ಷಣ ಈತನಿಗೆ ದೊರೆಯಲಿಲ್ಲ. ಹಾರ್ಲೆಮ್ ನಗರದಲ್ಲಿ ಪ್ರಸಿದ್ಧ ಕೆತ್ತನೆಗಾರ ಹೆಂಡ್ರಿಕ್ ಗೋಲ್ಟ್ಸಿಯಸನ ಬಳಿ ತಾಮ್ರದ ಹಲಗೆಗಳ ಮೇಲೆ ಚಿತ್ರ ಕೊರೆಯುವ ಕಲೆಯನ್ನು ಕಲಿತ. ಗೋಲ್ಟ್ಸಿಯಸನಿಗೆ ರಸವಾದದಲ್ಲಿಯೂ ಆಸಕ್ತಿಯಿತ್ತು. ಶಿಷ್ಯನಿಗೂ ಆ ಆಸಕ್ತಿ ಹತ್ತಿತು. 1595ರಲ್ಲಿ ಗೋಲ್ಟ್ಸಿಯಸನ ತಂಗಿ ಸೋಫಿಯಾಳನ್ನು ಮದುವೆಯಾಗಿ ಆಲ್ಕ್‌ಮಾರ್‌ಗೆ ಮರಳಿದ. 1597ರಲ್ಲಿ ತನ್ನ ಊರಿನ ನಕ್ಷೆಯೊಂದನ್ನು ಕೆತ್ತಿದ.

ಕ್ರಮೇಣ ಈತನ ಗಮನ ಯಂತ್ರಗಳ ಕಡೆಗೆ ಹರಿಯಿತು. 1598ರಲ್ಲಿ ನೀರೆತ್ತುವ ಯಂತ್ರಕ್ಕೂ ತಾನಾಗಿಯೇ ನಡೆಯುವ ಗಡಿಯಾರಕ್ಕೂ, 1602ರಲ್ಲಿ ಹೊಸ ಬಗೆಯ ಹೊಗೆಗೂಡಿಗೂ ಹಕ್ಕುಪತ್ರ ಪಡೆದ. ಮಿಡಲ್‌ಬರ್ಗ್ ನಗರದಲ್ಲಿ ಕಾರಂಜಿಯೊಂದನ್ನು ನಿರ್ಮಿಸಿಕೊಟ್ಟ. ಬೆಂಕಿ, ಗಾಳಿ, ನೀರುಗಳ ಸ್ವಭಾವವನ್ನು ಕುರಿತು ಈತ ಬರೆದ ಕಿರುಗ್ರಂಥ ಹಲವು ಭಾಷೆಗಳಲ್ಲಿ ಪ್ರಕಟವಾಯಿತು. ಕಾಯಿಸಿದಾಗ ಗಾಳಿ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ ಎಂಬ ಸಂಗತಿ ಅದರಲ್ಲಿ ಪ್ರಮುಖವಾಗಿ ಬರುತ್ತದೆ. ಈತನ ಮುಂದಿನ ಸಾಧನಗಳಲ್ಲಿ ಹಲವು ಈ ಒಂದು ತತ್ತ್ವವನ್ನೇ ಆಧರಿಸಿವೆ.

ಇಂಗ್ಲೆಂಡ್ ಮತ್ತು ಪ್ರಾಗ್

1604ರ ಸುಮಾರಿಗೆ ಡ್ರೆಬೆಲ್ ಕುಟುಂಬಸಮೇತ ಇಂಗ್ಲೆಂಡಿಗೆ ಹೋಗಿ ದೊರೆ ಒಂದನೆಯ ಜೇಮ್ಸನ ಆಶ್ರಯ ಪಡೆದ. ಲಂಡನ್ ಸಮೀಪದ ಎಲ್ಥಮ್ ಅರಮನೆಯಲ್ಲಿ ಈತನ ಚಿರಚಲನ ಯಂತ್ರವನ್ನು ಪ್ರದರ್ಶನಕ್ಕಿಡಲಾಗಿತ್ತು. ಚಿನ್ನದ ಬಣ್ಣದ ಗೋಳವನ್ನು ಸುತ್ತುವರಿದ ಗಾಜಿನ ನಳಿಗೆಯಲ್ಲಿ ದ್ರವವೊಂದು ತಾನಾಗಿ ಏರಿಳಿಯುತ್ತಿದ್ದುದನ್ನು ನೋಡಲು ಜನ ದೂರದೂರದಿಂದ ಬರುತ್ತಿದ್ದರು. ಗಾಳಿಯ ಉಷ್ಣತೆ ಹಾಗೂ ಒತ್ತಡದ ಬದಲಾವಣೆಯೇ ಅದರ ಚಲನೆಗೆ ಕಾರಣವಾಗಿತ್ತು. ವಾತಾವರಣದಿಂದ ಶಕ್ತಿ ಪಡೆಯುತ್ತಿದ್ದುದರಿಂದ ಅದು ನಿಜವಾದ ಚಿರಚಲನ ಯಂತ್ರವಲ್ಲ. ಆದರೆ ಸುತ್ತಲಿನ ಬಿಸಿಯ ಏರಿಳಿತವನ್ನೇ ಚಲನೆಯಾಗಿ ಪರಿವರ್ತಿಸಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

1610ರಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಹ್ವಾನದ ಮೇರೆಗೆ ಡ್ರೆಬೆಲ್ ಪ್ರಾಗ್ ನಗರಕ್ಕೆ ಹೋದ. ಮರುವರ್ಷವೇ ರುಡಾಲ್ಫನ ಅಧಿಕಾರವನ್ನು ಅವನ ತಮ್ಮ ಮಥಿಯಾಸ್ ಕಸಿದುಕೊಂಡ. ಹಳೆಯ ದೊರೆಯ ಆಶ್ರಿತನಾಗಿದ್ದ ಡ್ರೆಬೆಲ್ ಸೆರೆವಾಸ ಅನುಭವಿಸಬೇಕಾಯಿತು. ಬಿಡುಗಡೆಯಾಗಿ 1613ರಲ್ಲಿ ಲಂಡನ್ನಿಗೆ ಮರಳುವ ಹೊತ್ತಿಗೆ ಅಲ್ಲಿನ ಈತನ ಪೋಷಕ ರಾಜಕುಮಾರ ಹೆನ್ರಿ ತೀರಿಕೊಂಡಿದ್ದ. ಅಂದಿನಿಂದ ಈತನ ಜೀವನ ಒಂದು ಆಶ್ರಯದಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿಯೇ ಕಳೆಯಿತು.

ಜಲಾಂತರ್ಗಾಮಿ ಮತ್ತು ಇತರ ಕೆಲಸಗಳು

1620ರಿಂದ 1624ರ ಅವಧಿಯಲ್ಲಿ ಡ್ರೆಬೆಲ್ ನೀರಿನೊಳಗೆ ಚಲಿಸುವ ಮೂರು ದೋಣಿಗಳನ್ನು ನಿರ್ಮಿಸಿದ. ಮರದ ಚೌಕಟ್ಟಿಗೆ ಜಿಡ್ಡು ಸವರಿದ ತೊಗಲನ್ನು ಹೊದಿಸಿ, ಹುಟ್ಟುಗಳನ್ನು ತೊಗಲಿನ ತೋಳುಗಳ ಮೂಲಕ ಹೊರಚಾಚಿ, ಥೇಮ್ಸ್ ನದಿಯಲ್ಲಿ ಅವನ್ನು ಓಡಿಸಿ ತೋರಿಸಲಾಯಿತು. ಪೆಟ್ಲುಪ್ಪನ್ನು ಕಾಯಿಸಿ ಒಳಗಿದ್ದವರಿಗೆ ಉಸಿರಾಟದ ಗಾಳಿಯನ್ನು ಈತ ಒದಗಿಸಿದ್ದಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನೌಕಾಪಡೆ ಈ ದೋಣಿಗಳನ್ನು ಬಳಕೆಗೆ ತೆಗೆದುಕೊಳ್ಳಲಿಲ್ಲ.

ಎರಡು ಉಬ್ಬುಮಸೂರಗಳನ್ನುಳ್ಳ ಸಂಯುಕ್ತ ಸೂಕ್ಷ್ಮದರ್ಶಕವನ್ನು ತಯಾರಿಸಿದ ಮೊದಲಿಗರಲ್ಲಿ ಡ್ರೆಬೆಲ್ ಒಬ್ಬ. ಕಿರುಮಂಜಿ ಹುಳುವಿನ ಬಣ್ಣಕ್ಕೆ ತವರದ ದ್ರಾವಣ ಸೇರಿಸಿ ಉಜ್ಜ್ವಲವಾದ ಕಡುಗೆಂಪನ್ನು ಪಡೆಯುವ ವಿಧಾನವೂ ಈತನದೇ. ಇದರಿಂದ ಲಾಭ ಪಡೆದವರು ಈತನ ಹೆಣ್ಣುಮಕ್ಕಳನ್ನು ಮದುವೆಯಾದ ಕುಫ್ಲರ್ ಸಹೋದರರು. ಅವರು ಲಂಡನ್ ಬಳಿಯ ಬೋ ಎಂಬಲ್ಲಿ ನಡೆಸಿದ ಬಣ್ಣದ ಕಾರ್ಖಾನೆ ಹೆಸರುವಾಸಿಯಾಯಿತು.

ಕಾವುಪೆಟ್ಟಿಗೆಯ ಉಷ್ಣತಾ ನಿಯಂತ್ರಣ

ಸಮಸ್ಯೆಯ ಸ್ವರೂಪ

ಕೋಳಿಮೊಟ್ಟೆ ಮರಿಯಾಗಲು ಸುಮಾರು 21 ದಿನ ಬೇಕು. ಅಷ್ಟೂ ದಿನ ಮೊಟ್ಟೆಗೆ ಸುಮಾರು 37.5ರಿಂದ 38 ಡಿಗ್ರಿ ಸೆಲ್ಸಿಯಸ್ ಕಾವು ದೊರೆಯಬೇಕು. ಸ್ವಲ್ಪ ಹೊತ್ತು ತಣಿದರೆ ಭ್ರೂಣ ತಾಳಿಕೊಳ್ಳುತ್ತದೆ. ಆದರೆ ಎರಡು ಮೂರು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ಗಂಟೆ ನಿಂತರೆ ಸಾಯುತ್ತದೆ. ಹೇಟೆಕೋಳಿ ಕಾವಿಗೆ ಕೂತಾಗ ತನ್ನ ಮೈಬಿಸಿಯಿಂದಲೇ ಈ ಹದವನ್ನು ಕಾಯ್ದುಕೊಳ್ಳುತ್ತದೆ. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಯ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿಮಾಡಿಸುತ್ತಿದ್ದರು. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಬಿಸಿಯನ್ನು ಅಳೆಯುತ್ತಿದ್ದರು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಅನುಭವವಿಲ್ಲದ ಕಡೆ ಆ ವಿಧಾನ ಫಲಿಸುತ್ತಿರಲಿಲ್ಲ. ಹಗಲೂ ರಾತ್ರಿಯೂ ಬೆಂಕಿಯ ಬಳಿ ಒಬ್ಬರು ಎಚ್ಚರವಾಗಿರಲೇಬೇಕಿತ್ತು.

ರಸವಾದಿಗಳಿಗೂ ಇದೇ ತೊಡಕು ಇತ್ತು. ಅವರ ಪ್ರಯೋಗಗಳಿಗೆ ವಾರಗಟ್ಟಲೆ ಒಂದೇ ಸಮನಾದ ಮಂದ ಉರಿ ಬೇಕಾಗುತ್ತಿತ್ತು. ಡ್ರೆಬೆಲ್ 1620ರ ಸುಮಾರಿಗೆ ಕುಲುಮೆಗಾಗಿ ರೂಪಿಸಿದ ನಿಯಂತ್ರಕವನ್ನೇ ಕಾವುಪೆಟ್ಟಿಗೆಗೂ ಅಳವಡಿಸಿದ.

ರಚನೆ

ಕಾವುಪೆಟ್ಟಿಗೆಗೆ ಎರಡು ಗೋಡೆಗಳಿದ್ದವು. ಕೆಳಗೆ ಬೆಂಕಿಯ ಗೂಡು. ಅದರಿಂದೆದ್ದ ಬಿಸಿ ಹೊಗೆ ಒಳಪೆಟ್ಟಿಗೆಯ ಸುತ್ತ ಹರಿದು ಮೇಲಿನ ಕಂಡಿಯಿಂದ ಹೊರಹೋಗುತ್ತಿತ್ತು. ಒಳಪೆಟ್ಟಿಗೆಯ ಗೋಡೆಗಳ ನಡುವೆ ನೀರು ತುಂಬಿತ್ತು. ನೀರು ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ. ಆದ್ದರಿಂದ ಬೆಂಕಿಯ ಸಣ್ಣಪುಟ್ಟ ಏರಿಳಿತ ಮೊಟ್ಟೆಗಳಿಗೆ ತಟ್ಟುತ್ತಿರಲಿಲ್ಲ. ಆ ನೀರಿನಲ್ಲಿ ಮದ್ಯಸಾರ ತುಂಬಿದ ಗಾಜಿನ ಪಾತ್ರೆಯನ್ನು ಮುಳುಗಿಸಲಾಗಿತ್ತು. ಅದಕ್ಕೆ ಜೋಡಿಸಿದ ಬಾಗಿದ ನಳಿಗೆಯಲ್ಲಿ ಪಾದರಸವಿತ್ತು. ಪಾದರಸದ ಮೇಲೆ ಒಂದು ಸರಳು, ಸರಳಿಗೆ ಸನ್ನೆಕೋಲು, ಸನ್ನೆಕೋಲಿನ ತುದಿಗೆ ಹೊಗೆಕಂಡಿಯ ಮುಚ್ಚಳ.

ಕೆಲಸ ಮಾಡುವ ಬಗೆ

ಬಿಸಿ ಹೆಚ್ಚಾದಾಗ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತದೆ. ಪಾದರಸದೊಡನೆ ಸರಳು ಏರುತ್ತದೆ. ಸನ್ನೆಕೋಲು ಹೊರಳಿ ಹೊಗೆಕಂಡಿಯನ್ನು ಮುಚ್ಚುತ್ತದೆ. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬರುವುದಿಲ್ಲ, ಬೆಂಕಿ ಮಂದವಾಗುತ್ತದೆ. ಪೆಟ್ಟಿಗೆ ತಣಿದಾಗ ಮದ್ಯಸಾರ ಕುಗ್ಗಿ, ಸರಳು ಇಳಿದು, ಕಂಡಿ ತೆರೆದುಕೊಂಡು, ಬೆಂಕಿ ಮತ್ತೆ ಚುರುಕಾಗುತ್ತದೆ. ಒಂದು ಲೀಟರ್ ಮದ್ಯಸಾರ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹಿಗ್ಗುವುದು ಸುಮಾರು ಒಂದು ಮಿಲಿಲೀಟರಿನಷ್ಟು ಮಾತ್ರ. ಇಷ್ಟು ಅಲ್ಪ ಚಲನೆಯನ್ನು ಕಿರಿದಾದ ನಳಿಗೆಯೂ ಸನ್ನೆಕೋಲೂ ಸೇರಿ ಮುಚ್ಚಳವನ್ನು ಆಡಿಸುವಷ್ಟು ಹಿಗ್ಗಿಸುತ್ತವೆ. ಸರಳು ಮತ್ತು ಸನ್ನೆಕೋಲು ಸೇರುವ ಎಡೆಯಲ್ಲಿ ತಿರುಪು ಇರುತ್ತಿತ್ತು. ಅದನ್ನು ತಿರುಗಿಸಿ ಬೇಕಾದ ಬಿಸಿಯ ಮಟ್ಟವನ್ನು ಗೊತ್ತುಮಾಡಬಹುದಿತ್ತು.

ಈ ಸಾಧನ ಬಿಸಿಯನ್ನು ಅಂಕಿಗಳಲ್ಲಿ ಅಳೆಯುತ್ತಿರಲಿಲ್ಲ. ಫ್ಯಾರನ್‌ಹೀಟನ ಅಳತೆಪಟ್ಟಿ ಬಂದದ್ದು 1724ರಲ್ಲಿ, ಸೆಲ್ಸಿಯಸನದು 1742ರಲ್ಲಿ. ಮೊಟ್ಟೆಗೆ ಎಷ್ಟು ಡಿಗ್ರಿ ಬೇಕೆಂದು ಹೇಳಲು ಯಾರಿಗೂ ಸಾಧ್ಯವಿಲ್ಲದಿದ್ದ ಕಾಲದಲ್ಲಿ, ಹದವಾದ ಬಿಸಿಯನ್ನು ಒಮ್ಮೆ ಗುರುತಿಸಿ ತಿರುಪನ್ನು ನಿಲ್ಲಿಸಿದರೆ ಪೆಟ್ಟಿಗೆ ಅದನ್ನೇ ಕಾಯ್ದುಕೊಳ್ಳುತ್ತಿತ್ತು. ಯಂತ್ರವೇ ತನ್ನ ಕೆಲಸದ ಫಲವನ್ನು ಗ್ರಹಿಸಿ, ತಪ್ಪಿದ್ದರೆ ತಾನೇ ತಿದ್ದಿಕೊಳ್ಳುವ ಈ ಕ್ರಮಕ್ಕೆ ಇಂದಿನ ತಂತ್ರಜ್ಞಾನದಲ್ಲಿ ಫೀಡ್‌ಬ್ಯಾಕ್ ನಿಯಂತ್ರಣ ಎಂಬ ಹೆಸರಿದೆ. ಜೇಮ್ಸ್ ವಾಟ್ ಉಗಿಯಂತ್ರಕ್ಕೆ ವೇಗನಿಯಂತ್ರಕವನ್ನು ಅಳವಡಿಸಿದ್ದು 1788ರಲ್ಲಿ. ಡ್ರೆಬೆಲನ ಸಾಧನ ಅದಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದಿನದು.

ಕೊನೆಯ ದಿನಗಳು

ಇಂಗ್ಲಿಷ್ ನೌಕಾಪಡೆ ಫ್ರಾನ್ಸಿನ ಲಾ ರೊಶೆಲ್ ಬಂದರಿನ ಮುತ್ತಿಗೆಯನ್ನು ಮುರಿಯಲು 1627-28ರಲ್ಲಿ ನಡೆಸಿದ ಯತ್ನಕ್ಕೆ ಡ್ರೆಬೆಲ್ ಸಿಡಿಮದ್ದಿನ ಸಾಧನಗಳನ್ನು ತಯಾರಿಸಿಕೊಟ್ಟ. ದಂಡಯಾತ್ರೆ ವಿಫಲವಾಯಿತು. ಅದರೊಂದಿಗೆ ರಾಜಾಶ್ರಯವೂ ತಪ್ಪಿತು. ಪೂರ್ವ ಇಂಗ್ಲೆಂಡಿನ ಜೌಗುಭೂಮಿಯ ನೀರನ್ನು ಬಸಿದು ಸಾಗುವಳಿಗೆ ತರುವ ಯೋಜನೆಯೊಂದರಲ್ಲಿಯೂ ಭಾಗಿಯಾದ. ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಮದ್ಯದಂಗಡಿ ನಡೆಸಿ ಹೊಟ್ಟೆಹೊರೆಯಬೇಕಾಯಿತು. 1633ರಲ್ಲಿ ಬಡತನದಲ್ಲಿಯೇ ನಿಧನನಾದ.

ಡಚ್ ಕವಿ ಹಾಗೂ ರಾಜತಂತ್ರಜ್ಞ ಕಾನ್‌ಸ್ಟಂಟೈನ್ ಹೈಗೆನ್ಸ್ ಲಂಡನ್ನಿನಲ್ಲಿ ಡ್ರೆಬೆಲನನ್ನು ಹಲವು ಬಾರಿ ಭೇಟಿಯಾಗಿದ್ದ. ನೋಡಲು ಹಳ್ಳಿಯ ರೈತನಂತಿದ್ದರೂ ಈತನ ಮಾತಿನಲ್ಲಿ ಪ್ರಾಚೀನ ತತ್ತ್ವಜ್ಞಾನಿಗಳ ಗಾಂಭೀರ್ಯವಿತ್ತೆಂದು ಅವನು ದಾಖಲಿಸಿದ್ದಾನೆ. ಆದರೆ ಈತನನ್ನು ಮಾಂತ್ರಿಕನೆಂದೋ ಮೋಸಗಾರನೆಂದೋ ಕಂಡವರೂ ಇದ್ದರು. ತನ್ನ ಉಪಕರಣಗಳ ಗುಟ್ಟನ್ನು ಈತ ಬಹಿರಂಗಪಡಿಸುತ್ತಿರಲಿಲ್ಲವಾದ್ದರಿಂದ ಇಂಥ ಸಂಶಯಗಳಿಗೆ ಎಡೆಯಾಗಿತ್ತು.

ಉಳಿದುಬಂದ ದಾಖಲೆಗಳು

ಡ್ರೆಬೆಲನ ನಿಯಂತ್ರಕದ ವಿವರಗಳು ಉಳಿದುಬಂದದ್ದು ಮುಖ್ಯವಾಗಿ ಈತನ ಅಳಿಯಂದಿರ ಕುಟುಂಬದಿಂದ. ಅಳಿಯ ಯೊಹಾನೆಸ್ ಸಿಬರ್ಟಸ್ ಕುಫ್ಲರ್ ಈ ಕುಲುಮೆಗಳನ್ನು ಮುಂದೆಯೂ ತಯಾರಿಸಿದ. 1663ರಲ್ಲಿ ಇಂಗ್ಲೆಂಡಿಗೆ ಬಂದ ಫ್ರೆಂಚ್ ಪ್ರವಾಸಿ ಬಾಲ್ತಸಾರ್ ದ ಮೊಂಕೊನಿಸ್ ತನ್ನ ಪ್ರವಾಸಕಥನದಲ್ಲಿ ಅವುಗಳ ವಿವರ ನೀಡಿದ. ಕಾವುಪೆಟ್ಟಿಗೆಯ ಚಿತ್ರವಿರುವ ಹಸ್ತಪ್ರತಿಯೊಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇತಿಹಾಸಕಾರ ಆಟೊ ಮಾಯರ್ ಸ್ವಯಂನಿಯಂತ್ರಣದ ಇತಿಹಾಸವನ್ನು ಕುರಿತ ತನ್ನ ಗ್ರಂಥದಲ್ಲಿ ಇವನ್ನು ಪರಿಶೀಲಿಸಿ, ಆಧುನಿಕ ಯುರೋಪಿನಲ್ಲಿ ಹುಟ್ಟಿದ ಮೊದಲ ಫೀಡ್‌ಬ್ಯಾಕ್ ಸಾಧನ ಡ್ರೆಬೆಲನದೆಂದು ಗುರುತಿಸಿದ.

ಅನಂತರದ ಬೆಳೆವಣಿಗೆ

18ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಗೊಬ್ಬರದ ಬಿಸಿಯಿಂದ ಮೊಟ್ಟೆ ಮರಿಮಾಡಿಸುವ ಪ್ರಯೋಗಗಳನ್ನು ನಡೆಸಿ 1749ರಲ್ಲಿ ಅವನ್ನು ಪ್ರಕಟಿಸಿದ. ಅದೇ ದೇಶದ ಬೊನ್ನೆಮೆನ್ 1777ರ ಸುಮಾರಿಗೆ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಗುಣವನ್ನು ಬಳಸಿ ಬಿಸಿನೀರಿನ ಕಾವುಪೆಟ್ಟಿಗೆಗೆ ನಿಯಂತ್ರಕ ರೂಪಿಸಿದ. ಥರ್ಮೋಸ್ಟಾಟ್ ಎಂಬ ಪದವನ್ನು ಬಳಕೆಗೆ ತಂದವನು ಸ್ಕಾಟ್ಲೆಂಡಿನ ಆಂಡ್ರೂ ಯೂರ್, 1830ರಲ್ಲಿ.

19ನೆಯ ಶತಮಾನದ ಕೊನೆಯಲ್ಲಿ ಸೀಮೆಎಣ್ಣೆ ದೀಪದಿಂದ ಕಾಯುವ ಕಾವುಪೆಟ್ಟಿಗೆಗಳು ರೈತರ ಮನೆಗಳನ್ನು ತಲುಪಿದವು. ಅಮೆರಿಕದ ಪೆಟಲೂಮದಲ್ಲಿ ಲೈಮನ್ ಬೈಸ್ 1879ರಲ್ಲಿಯೂ, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಹಿಯರ್ಸನ್ 1881ರಲ್ಲಿಯೂ ಇಂಥ ಪೆಟ್ಟಿಗೆಗಳನ್ನು ರೂಪಿಸಿದರು. ದೀಪವನ್ನು ಒಂದೇ ಉರಿಯಲ್ಲಿ ಇಟ್ಟರೆ ಸಾಲದು. ಬತ್ತಿ ಕರಕಾಗುತ್ತದೆ, ರಾತ್ರಿ ಕೋಣೆ ತಣಿಯುತ್ತದೆ. ಕೊನೆಯ ವಾರದಲ್ಲಿ ಬೆಳೆದ ಭ್ರೂಣಗಳೇ ಬಿಸಿಯನ್ನು ಹೊರಸೂಸುತ್ತವೆ. ಹಿಯರ್ಸನ್ನನ ಪೆಟ್ಟಿಗೆಯಲ್ಲಿ ಬೇಗ ಆವಿಯಾಗುವ ದ್ರವವನ್ನು ತುಂಬಿದ ತೆಳುವಾದ ಲೋಹದ ಬಿಲ್ಲೆಯಿತ್ತು. ಗೊತ್ತಾದ ಬಿಸಿ ತಲುಪಿದಾಗ ಅದು ಉಬ್ಬಿ ಸರಳನ್ನು ಎತ್ತುತ್ತಿತ್ತು. ದೀಪಕ್ಕೆ ಗಾಳಿ ತಡೆದರೆ ಮಸಿ ಕಟ್ಟುತ್ತದೆ. ಆದ್ದರಿಂದ ಇಲ್ಲಿ ಸನ್ನೆಕೋಲು ಚಿಮಣಿಯ ಮುಚ್ಚಳವನ್ನು ಮುಚ್ಚುವ ಬದಲು ತೆರೆಯುತ್ತದೆ. ಹೆಚ್ಚಾದ ಬಿಸಿ ಪೆಟ್ಟಿಗೆಯನ್ನು ಸುತ್ತದೆ ನೇರವಾಗಿ ಹೊರಹೋಗುತ್ತದೆ. ಮುಚ್ಚಳದ ದಿಕ್ಕು ಬದಲಾದರೂ ತತ್ತ್ವ ಡ್ರೆಬೆಲನದೇ.

ಕರ್ನಾಟಕದ ಹಳ್ಳಿಗಳಲ್ಲಿ ಬುಟ್ಟಿಯಲ್ಲಿ ಹುಲ್ಲು ಹಾಸಿ ಹೇಟೆಯನ್ನು ಕಾವಿಗೆ ಕೂರಿಸುವ ಪದ್ಧತಿ ಇಂದಿಗೂ ಇದೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ವಿದ್ಯುತ್ ಕಾವುಪೆಟ್ಟಿಗೆಗಳು ಬಳಕೆಯಲ್ಲಿವೆ. ಅವುಗಳಲ್ಲಿ ಮದ್ಯಸಾರದ ಬದಲು ಎಲೆಕ್ಟ್ರಾನಿಕ್ ಸಂವೇದಕ, ಹೊಗೆಕಂಡಿಯ ಬದಲು ವಿದ್ಯುತ್ ಸ್ವಿಚ್ಚು ಇರುತ್ತದೆ. ಬಿಸಿ ಹೆಚ್ಚಾದಾಗ ಉರಿಯನ್ನು ತಗ್ಗಿಸುವ, ಕಡಿಮೆಯಾದಾಗ ಏರಿಸುವ ಕ್ರಮ ಮಾತ್ರ ಹಾಗೆಯೇ ಉಳಿದಿದೆ.

ಸ್ಮರಣೆ

ಚಂದ್ರನ ಮೇಲಿನ ಕುಳಿಯೊಂದಕ್ಕೆ ಡ್ರೆಬೆಲನ ಹೆಸರನ್ನು ಇಡಲಾಗಿದೆ.