ಸರ್ ಎಂ. ವಿಶ್ವೇಶ್ವರಯ್ಯನವರೂ ಬೆಂಕಿಪುರದ ಕುಲುಮೆಯೂ

ಯುದ್ಧ, ಸಂಧಿ, ಪಟ್ಟಾಭಿಷೇಕಗಳ ತೇದಿಗಳನ್ನು ಪಾಠಶಾಲೆಯಲ್ಲಿ ನಾವೆಲ್ಲರೂ ಕಂಠಪಾಠ ಮಾಡಿದವರೇ. ಕುಲುಮೆಗೆ ಬೆಂಕಿಯಿಟ್ಟ ದಿನವನ್ನು ಮಾತ್ರ ಯಾವ ಉಪಾಧ್ಯಾಯರೂ ನಮಗೆ ಕಲಿಸಲಿಲ್ಲ. ಆದರೂ ಶಿವಮೊಗ್ಗೆಯ ಸೀಮೆಯ ಮಟ್ಟಿಗೆ 1923ನೆಯ ಇಸವಿ ಜನವರಿ 18ನೆಯ ದಿನವು ಯಾವ ಪಟ್ಟಾಭಿಷೇಕಕ್ಕೂ ಕಡಿಮೆಯಾದುದಲ್ಲ. ಭದ್ರಾನದಿಯ ದಡದಲ್ಲಿ, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಚಿಕ್ಕ ಊರಿನಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಅಂದು ಆರಂಭವಾಯಿತು. ಇಂದು ಕಾಗದನಗರದಲ್ಲಿಯೂ ಭದ್ರಾವತಿಯಲ್ಲಿಯೂ ವಾಸವಾಗಿರುವವರಲ್ಲಿ ಎಷ್ಟೋ ಮಂದಿಯ ತಾತಂದಿರನ್ನು ಊರೂರುಗಳಿಂದ ಇಲ್ಲಿಗೆ ಕರೆತಂದುದು ಆ ಬೆಂಕಿಯೇ. ಅದನ್ನು ಹೊತ್ತಿಸುವ ಸಂಕಲ್ಪ ಮಾಡಿದ ಮಹನೀಯರ ಜೀವಿತವನ್ನು, ಆ ಕುಲುಮೆಯ ದೃಷ್ಟಿಯಿಂದ, ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದನು. ಮೈಸೂರು ಸರ್ಕಾರದ ಸಹಾಯದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿ, 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಸಂಸ್ಥಾನದ ಹಣದಿಂದ ಓದಿದ ಋಣವನ್ನು ಆ ಹುಡುಗನು ಎಷ್ಟು ಮಡಿಯಾಗಿ ತೀರಿಸಿದನೆಂಬುದೇ ಮುಂದಿನ ಕಥೆ.

ಬೊಂಬಾಯಿ ಸೇವೆಯಲ್ಲಿ ಅವರ ಕೀರ್ತಿಯು ನೀರಿನಿಂದ ಬಂದಿತು. ಪುಣೆಯ ಹತ್ತಿರ ಖಡಕವಾಸಲ ಜಲಾಶಯಕ್ಕೆ, ಪ್ರವಾಹ ಬಂದಾಗ ತಾವೇ ತೆರೆದುಕೊಂಡು ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರಚಿಸಿದರು. 1898ರಲ್ಲಿ ಸ್ವಂತ ಅಪೇಕ್ಷೆಯಿಂದ ಜಪಾನಿಗೆ ಹೋಗಿ, ಒಂದು ಪೂರ್ವದೇಶವು ಮೂವತ್ತು ವರ್ಷಗಳೊಳಗಾಗಿ ಶಾಲೆಗಳಿಂದಲೂ ಕಾರ್ಖಾನೆಗಳಿಂದಲೂ ಹೇಗೆ ತಲೆಯೆತ್ತಿತೆಂಬುದನ್ನು ಕಣ್ಣಾರೆ ಕಂಡು ಬಂದರು. ಬೊಂಬಾಯಿ ಸೇವೆಯಿಂದ ಬಿಡುಗಡೆ ಹೊಂದಿ 1908ರಲ್ಲಿ ಯೂರೋಪು, ಅಮೆರಿಕಾಗಳನ್ನು ಸಂಚರಿಸಿದರು. ಮೂಸಿ ನದಿಯ ಮಹಾಪ್ರವಾಹದಿಂದ ನೊಂದಿದ್ದ ಹೈದರಾಬಾದಿನ ಕೆಲಸ ಅವರನ್ನು ಕರೆಯಿತು. ಅದಾದ ಮೇಲೆ 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಪದವಿಯೂ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ದಿವಾನಗಿರಿಯೂ ಒದಗಿದವು. ಕನ್ನಂಬಾಡಿಯ ಕಟ್ಟೆ, 1913ರ ಮೈಸೂರು ಬ್ಯಾಂಕು, 1915ರ ಸಾಹಿತ್ಯ ಪರಿಷತ್ತು, 1916ರ ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ ಇವುಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವು ಸರ್ವವಿದಿತವಾದುವು. ಇವೆಲ್ಲಕ್ಕಿಂತಲೂ ಹೆಚ್ಚಿನ ನಿಂದೆಯನ್ನು ಅವರಿಗೆ ತಂದ ಕೆಲಸವು ಬೇರೊಂದಿದೆ. ಅದೇ ಕಬ್ಬಿಣ.

ಕಬ್ಬಿಣದ ವಿಷಯದಲ್ಲಿ ಆ ಕಾಲದ ವಿಚಾರವಂತರೆಲ್ಲರ ಕಣ್ಣು ಅಮೆರಿಕಾದ ಕಡೆಗಿತ್ತು. ಅದಕ್ಕೆ ಕಾರಣವನ್ನು ಅರಿಯಬೇಕಾದರೆ ಆ ದೇಶದ ಚರಿತ್ರೆಯ ಮೂರು ತಿರುವುಗಳನ್ನು ನೆನೆಯಬೇಕು. ಮೊದಲನೆಯದು ಸೌದೆಯಿಂದ ಕಲ್ಲಿದ್ದಲಿಗೆ ತಿರುಗಿದುದು. ಅಮೆರಿಕಾದವರೂ ಮೊದಲು ಕಾಡು ಕಡಿದು, ಸೌದೆ ಸುಟ್ಟ ಇದ್ದಲಿನಿಂದಲೇ ಕಬ್ಬಿಣ ಕರಗಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಕಲ್ಲಿದ್ದಲು ಕೈಸೇರಿತು, ಕುಲುಮೆಗಳು ದೊಡ್ಡವಾದವು. ಎರಡನೆಯದು ರೈಲ್ವೆ ಮತ್ತು ಸುಂಕ. 1861ರಲ್ಲಿ ಆರಂಭವಾದ ಅಂತರ್ಯುದ್ಧದ ಕಾಲದಿಂದ ಆಮದಿನ ಮೇಲೆ ಭಾರಿಯಾದ ಸುಂಕವನ್ನು ಹೇರಿ, ಬ್ರಿಟನ್ನಿನ ಅಗ್ಗದ ಸರಕು ತಮ್ಮ ಎಳೆಯ ಕಾರ್ಖಾನೆಗಳನ್ನು ತುಳಿಯದಂತೆ ಅವರು ಬೇಲಿ ಹಾಕಿಕೊಂಡರು. 1869ರಲ್ಲಿ ಖಂಡದ ಎರಡು ಕರಾವಳಿಗಳನ್ನೂ ರೈಲು ಜೋಡಿಸಿತು. 1890ರ ಹೊತ್ತಿಗೆ ಕಬ್ಬಿಣದ ಉತ್ಪತ್ತಿಯಲ್ಲಿ ಅಮೆರಿಕಾ ಬ್ರಿಟನ್ನನ್ನೇ ಹಿಂದಿಕ್ಕಿತು.

ಮೂರನೆಯ ತಿರುವು ಅಷ್ಟು ಶುಭಕರವಾದುದಲ್ಲ. ಸ್ಕಾಟ್ಲೆಂಡಿನ ಬಡ ನೇಕಾರನ ಮಗನಾಗಿ 1848ರಲ್ಲಿ ಅಲ್ಲಿಗೆ ಹೋದ ಆಂಡ್ರೂ ಕಾರ್ನೆಗಿಯು ಪಿಟ್ಸ್‌ಬರ್ಗಿನ ಉಕ್ಕಿನ ದೊರೆಯಾದನು. ಅವನ ಹೋಂಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿಯ ವಿವಾದ ಹುಟ್ಟಿ, ಮಾಲೀಕರು ತರಿಸಿದ ಆಯುಧಪಾಣಿಗಳಾದ ಕಾವಲುಗಾರರಿಗೂ ಕೆಲಸಗಾರರಿಗೂ ಕಾದಾಟವಾಗಿ ಎರಡು ಕಡೆಯವರೂ ಸತ್ತರು, ಸಂಘವು ಮುರಿಯಿತು. 1901ರಲ್ಲಿ ಕಾರ್ನೆಗಿಯು ತನ್ನ ಸರ್ವಸ್ವವನ್ನೂ 48 ಕೋಟಿ ಡಾಲರುಗಳಿಗೆ ಮಾರಿದನು. ನೂರು ಕೋಟಿ ಡಾಲರಿಗೂ ಮೀರಿದ ಬಂಡವಾಳದ ಮಹಾಸಂಸ್ಥೆಯೊಂದು ಹುಟ್ಟಿತು. ಆತನು ತನ್ನ ಹಣದಿಂದ ಎರಡು ಸಾವಿರದ ಐನೂರಕ್ಕೂ ಹೆಚ್ಚು ಪುಸ್ತಕ ಭಂಡಾರಗಳನ್ನು ಕಟ್ಟಿಸಿದುದು ಸತ್ಯ. ಕುಲುಮೆಯ ಮುಂದೆ ಬೆವರಿದವನಿಗೆ ಆ ಸಂಪತ್ತಿನಲ್ಲಿ ಮಾತಿಲ್ಲದಂತಾದುದೂ ಅಷ್ಟೇ ಸತ್ಯ. ಅಮೆರಿಕಾದಿಂದ ಕಲಿಯಬೇಕಾದುದೂ ಇತ್ತು, ಬಿಡಬೇಕಾದುದೂ ಇತ್ತು.

ಆ ವಿದ್ಯೆಯು ನಮ್ಮ ದೇಶಕ್ಕೆ ಬಂದುದು ಜಮ್ಶೆಟ್ಜಿ ಟಾಟಾರವರ ಮೂಲಕ. ಅವರು 1902ರಲ್ಲಿ ಅಮೆರಿಕಾಕ್ಕೆ ಹೋಗಿ ಪರಿಣತರನ್ನು ಕಂಡರು; ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರು ಇಲ್ಲಿಗೆ ಬಂದು ಗುಡ್ಡಬೆಟ್ಟಗಳನ್ನು ಅಲೆದನು; ಈಗ ಜಾರ್ಖಂಡಿಗೆ ಸೇರಿರುವ ಸಾಕ್ಚಿಯೆಂಬ ಹಳ್ಳಿಯು ಜಮ್ಶೆಡ್‌ಪುರವಾಯಿತು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಉತ್ತಮವಾದ ಅದುರು ಹೇರಳವಾಗಿ ಬಿದ್ದಿರುವಾಗ ಮೈಸೂರು ಸುಮ್ಮನಿರಬೇಕೇ ಎಂದು ದಿವಾನರು ಯೋಚಿಸಿದರು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯನ್ನೇ ಅವರು ಸಲಹೆಗೆ ಕರೆಸಿದರು.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಮೈಸೂರಿನಲ್ಲಿ ಅದುರಿತ್ತು, ಸುಣ್ಣಕಲ್ಲಿತ್ತು, ನದಿಯಿತ್ತು, ಬೀರೂರಿನಿಂದ ಶಿವಮೊಗ್ಗೆಗೆ ರೈಲಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದುದರಿಂದ ಅಮೆರಿಕಾ ಎಂದೋ ಬಹುಮಟ್ಟಿಗೆ ಬಿಟ್ಟು ಮುಂದೆ ಹೋಗಿದ್ದ ಸೌದೆಯ ಇದ್ದಲಿನ ದಾರಿಯನ್ನೇ ಅಮೆರಿಕಾದವರ ಸಲಹೆಯಿಂದ ಮೈಸೂರು ಹಿಡಿಯಬೇಕಾಯಿತು. ಕೆಮ್ಮಣ್ಣುಗುಂಡಿಯಿಂದ ಅದುರು, ಮಲೆನಾಡಿನ ಕಾಡಿನಿಂದ ಸೌದೆ. ಸೌದೆಯನ್ನು ಬರಿದೇ ಸುಡದೆ ಬಟ್ಟಿಯಿಳಿಸಿದರೆ ಇದ್ದಲಿನ ಜೊತೆಗೆ ಮರದ ಮದ್ಯಸಾರ, ಟಾರು ಮೊದಲಾದುವೂ ದೊರೆಯುವುವು. ಅವುಗಳನ್ನು ಮಾರಿದ ಲಾಭದಿಂದ ಕಬ್ಬಿಣದ ವೆಚ್ಚವು ತಗ್ಗುವುದೆಂಬುದು ಲೆಕ್ಕಾಚಾರ. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಸೌದೆಯ ಬಟ್ಟಿಯು ಮುಂದೆ, ಕಬ್ಬಿಣವು ಹಿಂದೆ ಇದ್ದಿತು. ಯುದ್ಧಕಾಲದ ಬೆಲೆಗಳನ್ನು ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. 1918ರಲ್ಲಿ ಕಾರ್ಯಕ್ಕೆ ಅಂಕುರಾರ್ಪಣವಾಯಿತು.

ಅದೇ ಸಮಯದಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಹಿಂದುಳಿದ ಪಂಗಡಗಳವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಸ್ಥಾನವನ್ನು ಗೊತ್ತುಮಾಡಬೇಕೆಂಬ ವಿಚಾರವು ಬಲಿತು, ಅದಕ್ಕಾಗಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿತ್ತು. ಯೋಗ್ಯತೆಯೊಂದೇ ಮಾನದಂಡವಾಗಬೇಕೆಂಬ ದಿವಾನರ ಮತಕ್ಕೂ ಈ ವಿಚಾರಕ್ಕೂ ಹೊಂದಿಕೆಯಾಗಲಿಲ್ಲ. ಈ ವಿಷಯದಲ್ಲಿ ಕಾಲವು ಅವರ ಪಕ್ಷವನ್ನು ವಹಿಸಲಿಲ್ಲವೆಂಬುದನ್ನು, ಅವರಲ್ಲಿ ಪೂರ್ಣ ಗೌರವವನ್ನಿಟ್ಟುಕೊಂಡೇ ನಾವು ಹೇಳಬೇಕಾಗಿದೆ. ಮನೆಪಾಠ ಹೇಳಿಯಾದರೂ ಓದುವ ಅವಕಾಶವು ಯಾರ ಬೀದಿಯಲ್ಲಿ ಇರಲೇ ಇಲ್ಲವೋ, ಅವರ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗೆ ಅವರ ಮಾನದಂಡದಲ್ಲಿ ಉತ್ತರವಿರಲಿಲ್ಲ. ಅವರು ಹಟಕ್ಕಾಗಿ ಪದವಿಗೆ ಅಂಟಿಕೊಳ್ಳದೆ ಹೊರಟುಹೋದರು. 1919-20ರಲ್ಲಿ ಮತ್ತೊಮ್ಮೆ ಜಪಾನು, ಅಮೆರಿಕಾ, ಯೂರೋಪುಗಳನ್ನು ಸುತ್ತಿದರು.

ಕಾರ್ಖಾನೆಯು ಆರಂಭವಾಗುವ ಹೊತ್ತಿಗೆ ಪ್ರಪಂಚವೇ ಬದಲಾಗಿತ್ತು. ಯುದ್ಧ ಮುಗಿದು ಕಬ್ಬಿಣದ ಧಾರಣೆ ಕುಸಿದಿತ್ತು. ಅದೇ 1923ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಸೌದೆಯ ಹಂಗಿಲ್ಲದೆಯೇ ಮರದ ಮದ್ಯಸಾರವನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ಬಟ್ಟಿಯ ಲಾಭವನ್ನು ನಂಬಿದ್ದ ಲೆಕ್ಕವು ತಲೆಕೆಳಗಾಯಿತು. ಅಮೆರಿಕಾಕ್ಕೆ ಇದ್ದ ಸುಂಕದ ಬೇಲಿಯು ಪರಾಧೀನವಾದ ಭಾರತಕ್ಕೆ ಇರಲಿಲ್ಲ. 1924ರಲ್ಲಿ ಉಕ್ಕಿಗೆ ರಕ್ಷಣೆಯ ಕಾನೂನೊಂದು ಬಂದಿತು, ನಿಜ; ಬೀಡು ಕಬ್ಬಿಣವನ್ನು ಮಾತ್ರ ಮಾಡುತ್ತಿದ್ದ ಭದ್ರಾವತಿಗೆ ಅದರಿಂದ ನೇರವಾದ ಪ್ರಯೋಜನವಿರಲಿಲ್ಲ. ವರ್ಷ ವರ್ಷವೂ ನಷ್ಟ. ಪ್ರಜೆಗಳ ಹಣವನ್ನು ಬೆಂಕಿಗೆ ಸುರಿದರೆಂಬ ಆಕ್ಷೇಪಣೆಗೆ ಊರಿನ ಹಳೆಯ ಹೆಸರೇ ಹೇಳಿ ಮಾಡಿಸಿದಂತಿತ್ತು.

ಮನುಷ್ಯನ ಪರೀಕ್ಷೆ ನಡೆಯುವುದು ಇಂಥಾ ಘಳಿಗೆಯಲ್ಲಿ. ಪದವಿಯಲ್ಲಿಲ್ಲದ ಅವರು, ಅದು ನನ್ನ ಕಾಲದ ಮಾತು, ಈಗಿನ ಅಧಿಕಾರಿಗಳನ್ನು ಕೇಳಿರೆಂದು ಸುಮ್ಮನಿದ್ದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಮಹಾರಾಜರ ಸರ್ಕಾರವು ಕೇಳಿಕೊಂಡಾಗ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ಅವರು ವಹಿಸಿಕೊಂಡು, 1923ರಿಂದ 1929ರವರೆಗೆ ಆ ನಿಂದೆಯ ಹೊರೆಯನ್ನು ಹೊತ್ತರು. ಒಂದೊಂದು ಟನ್ನಿಗೆ ತಗಲುವ ಸೌದೆಯೆಷ್ಟು, ಕೂಲಿಯೆಷ್ಟು, ಪೋಲಾದುದೆಷ್ಟು ಎಂದು ಲೆಕ್ಕ ಕೇಳಿದರು. ದೊಡ್ಡ ಸಂಬಳದ ಪರದೇಶದ ತಜ್ಞರ ಸ್ಥಾನಗಳಲ್ಲಿ ಕ್ರಮೇಣ ನಮ್ಮ ನಾಡಿನ ತರುಣರನ್ನೇ ತಂದು ನಿಲ್ಲಿಸಿದರು. ಬೀಡು ಕಬ್ಬಿಣವನ್ನು ಹಾಗೆಯೇ ಮಾರಿದರೆ ನಷ್ಟವೆಂದು ಕಂಡು, ನೀರಿನ ಕೊಳವೆಗಳನ್ನು ಎರಕ ಹೊಯ್ಯುವ ಕೆಲಸವನ್ನು ಬೆಳೆಸಿದರು. ಕುಲುಮೆಯು ಆರಲಿಲ್ಲ. 1930ರ ದಶಕದಲ್ಲಿ ಅಲ್ಲಿಯೇ ಉಕ್ಕೂ ಸಿಮೆಂಟೂ ತಯಾರಾದವು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪಿತವಾಗಿ, ಅದರ ನೆರಳಿನಲ್ಲಿ ಕಾಗದನಗರ ಬೆಳೆಯಿತು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದವು. ಕಲ್ಲಿದ್ದಲಿಲ್ಲದ ನಾಡು ತನ್ನದೇ ಆದ ದಾರಿಯನ್ನು ಕೊನೆಗೆ ಕಂಡುಕೊಂಡಿತು.

ಕಾರ್ನೆಗಿಗೂ ಇವರಿಗೂ ಇರುವ ಅಂತರವನ್ನು ಇಲ್ಲಿ ಹೇಳದಿರಲಾಗದು. ಅಲ್ಲಿ ಕುಲುಮೆಯು ಒಬ್ಬನ ಸ್ವತ್ತು; ಇಲ್ಲಿ ಸಂಸ್ಥಾನದ ಸ್ವತ್ತು. ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಕೂಡ ವಿಶ್ವೇಶ್ವರಯ್ಯನವರು ಮನೆಗೆ ಒಯ್ಯಲಿಲ್ಲ. ತರುಣರು ಕಸಬು ಕಲಿಯುವ ಶಾಲೆಗೆ ಅದನ್ನು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಆ ಶಾಲೆಗೆ ಅವರ ಹೆಸರಲ್ಲ, ಜಯಚಾಮರಾಜೇಂದ್ರ ಒಡೆಯರವರ ಹೆಸರು ಬಂದಿತು.

ಈ ಚರಿತ್ರೆಯ ಖರ್ಚಿನ ಪುಟವನ್ನು ಮರೆಮಾಡುವುದು ಪತ್ರಿಕಾಧರ್ಮವಲ್ಲ. ಇದ್ದಲಿಗಾಗಿ ಮಲೆನಾಡಿನ ಕಾಡು ಬಹಳವಾಗಿ ಸವೆಯಿತು. ಬೆವರಿಳಿಸಿದ ಕೂಲಿಕಾರರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಹೊರಗಿನ ಧಾರಣೆಯು ಬದಲಾದರೆ ಏನು ಗತಿಯೆಂಬ ಪ್ರಶ್ನೆಯನ್ನು ಮೊದಲೇ ಇನ್ನಷ್ಟು ಗಟ್ಟಿಯಾಗಿ ಕೇಳಬೇಕಾಗಿತ್ತೆಂಬುದೂ ನಿಜ. ಆದರೆ ತಪ್ಪಿದ ಲೆಕ್ಕವನ್ನು ಬಿಟ್ಟು ಓಡದೆ, ಕುಳಿತು ತಿದ್ದಿದವರು ಎಷ್ಟು ಮಂದಿ?

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, ಶತಮಾನವನ್ನು ಕಂಡು, 1962ನೆಯ ಇಸವಿ ಏಪ್ರಿಲ್ 14ರಂದು ಅವರು ಕಾಲವಾದರು. ಮುಂದೆ ಕಾರ್ಖಾನೆಗೆ ಅವರ ಹೆಸರೇ ಬಂದಿತು. 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ ಕೈಸೇರಿತು. ಕುಲುಮೆಗೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ, ನಷ್ಟದ ಕಾರಣದಿಂದ, ಅದನ್ನು ಮುಚ್ಚುವ ನಿರ್ಧಾರವು ಪ್ರಕಟವಾಯಿತು. ಕೆಲಸಗಾರರೂ ಊರಿನವರೂ ಕೂಗೆಬ್ಬಿಸಿದ ಮೇಲೆ ಅದೇ ವರ್ಷ ಕೆಲವು ಭಾಗಗಳಲ್ಲಿ ಕೆಲಸವು ಮರಳಿ ಆರಂಭವಾಯಿತು. ಕಾಗದದ ಗಿರಣಿಯ ಯಂತ್ರಗಳು ಅದಕ್ಕೂ ಹಲವು ವರ್ಷಗಳ ಮೊದಲೇ ನಿಂತಿದ್ದುವು.

ನಷ್ಟವೆಂಬ ಮಾತು 1923ರಲ್ಲಿಯೂ ಇತ್ತು, 2023ರಲ್ಲಿಯೂ ಇತ್ತು. ಮಾತು ಒಂದೇ, ಅದನ್ನು ಕೇಳಿದವರು ಮಾಡಿದ ಕೆಲಸ ಬೇರೆ. ಅಂದು ನಷ್ಟದ ಲೆಕ್ಕವನ್ನು ಕೈಯಲ್ಲಿ ಹಿಡಿದವರು, ಟನ್ನಿಗೆ ಇಷ್ಟೆಂದು ಎಣಿಸುತ್ತಾ, ಕುಲುಮೆಯ ಬಳಿಗೇ ಹೋಗಿ ನಿಂತರು. ಅಧಿಕಾರಿವರ್ಗದವರೂ, ನಾಗರಿಕರೂ, ನಾವೂ ಸೆಪ್ಟೆಂಬರ್ 15ರಂದು ಆ ಮಹನೀಯರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಹಾರ ಬಾಡುವುದರೊಳಗಾಗಿ, ನಮ್ಮ ನಮ್ಮ ವಶದಲ್ಲಿರುವ ಕೆಲಸದ ಲೆಕ್ಕವನ್ನೂ ಒಮ್ಮೆ ತೆರೆದು ನೋಡಿದರೆ, ಅವರ ಋಣದಲ್ಲಿ ಅಲ್ಪಭಾಗವಾದರೂ ತೀರೀತು.