ಬೀಳಗಿಯ ಅಮೀರಬಾಯಿ ಕರ್ನಾಟಕಿ

ನಮ್ಮ ಅರಭಾವಿ ಕಡೆ ಕುಲಗೋಡ ತಮ್ಮಣ್ಣನ ಪಾರಿಜಾತ ಅಂದರೆ ಎಲ್ಲರಿಗೂ ಗೊತ್ತು. ಆದರೆ ಹಾಡಿನಿಂದ, ಪಾರ್ಟಿನಿಂದ ಇಡೀ ದೇಶದಾಗ ಹೆಸರು ಮಾಡಿದ ಒಬ್ಬ ಕನ್ನಡ ಹೆಣ್ಣುಮಗಳು ನಮಗೆ ಹತ್ತಿರದವರೇ. ಅವರೇ ಅಮೀರಬಾಯಿ ಕರ್ನಾಟಕಿ. ನಾನು ಅವರ ವಿಷಯ ಬರೆಯುತ್ತೇನೆ.

ಅಮೀರಬಾಯಿ ಬೀಳಗಿಯವರು. ಆಗ ಅದು ವಿಜಾಪುರ ಜಿಲ್ಲೆಯಲ್ಲಿತ್ತು, 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ನಮ್ಮ ಘಟಪ್ರಭಾ ಹೊಳಿ ಗೋಕಾಕ, ಮುಧೋಳ ದಾಟಿ ಬೀಳಗಿ ತಾಲೂಕಿಗೂ ಹೋಗುತ್ತದೆ. ಅವರದು ಹಾಡು, ನಾಟಕದ ಮನೆತನ. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿಯಲ್ಲಿ ನಟಿಯಾಗಿದ್ದರು.

ಆಗಿನ ಕಾಲದಾಗ ಹೆಣ್ಣುಮಕ್ಕಳು ಬಣ್ಣ ಹಚ್ಚಿದರೆ ಜನ ಹಗುರಾಗಿ ಮಾತಾಡುತ್ತಿದ್ದರು. ಅದಕ್ಕೇ ಬಹಳ ಕಂಪನಿಗಳಲ್ಲಿ ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾರ್ಟು ಮಾಡುತ್ತಿದ್ದರು. ಆದರೂ ಅಮೀರಬಾಯಿ ಅಂಜದೆ ಮುಂಬಯಿಗೆ ಹೋದರು. 1934ರಲ್ಲಿ ವಿಷ್ಣುಭಕ್ತಿ ಎಂಬ ಸಿನೇಮಾದಲ್ಲಿ ನಟಿಸಿದರು. ಮೊದಲ ಕೆಲವು ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. 1943ರಲ್ಲಿ ಕಿಸ್ಮತ್ ಸಿನೇಮಾ ಬಂತು. ಸಂಗೀತ ಅನಿಲ್ ಬಿಸ್ವಾಸರದು. ಪರದೆ ಮೇಲೆ ತುಟಿ ಅಲ್ಲಾಡಿಸಿದವರು ಮುಮ್ತಾಜ್ ಶಾಂತಿ, ದನಿ ಮಾತ್ರ ನಮ್ಮ ಅಮೀರಬಾಯಿಯದು! ಈ ಸಿನೇಮಾ ಕಲಕತ್ತೆಯ ರಾಕ್ಸಿ ಟಾಕೀಜಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಓಡಿತು. ಮರುವರ್ಷ ನೌಶಾದರ ಸಂಗೀತದ ರತನ್ ಸಿನೇಮಾಕ್ಕೂ ಹಾಡಿದರು. ಜನ ಅವರನ್ನು ಕನ್ನಡ ಕೋಗಿಲೆ ಎಂದು ಕರೆದರು. ಮುಂಬಯಿಯಲ್ಲಿದ್ದರೂ ಹೆಸರಿನ ಮುಂದಿನ ಕರ್ನಾಟಕಿ ಅನ್ನುವುದನ್ನು ಅವರು ಬಿಡಲಿಲ್ಲ.

ಅವರ ಜೀವನ ಬರೇ ಸುಖದ್ದಲ್ಲ. ಮೊದಲನೇ ಮದುವೆಯಲ್ಲಿ ಬಹಳ ಕಷ್ಟಪಟ್ಟು ಬಿಡುಗಡೆ ಪಡೆದರು. 1947ರ ಮುಂದೆ ಲತಾ ಮಂಗೇಶಕರ ಮುಂತಾದ ಹೊಸ ಗಾಯಕಿಯರು ಬಂದರು. ಅಮೀರಬಾಯಿಗೆ ಹಾಡುಗಳು ಕಡಿಮೆಯಾದವು. ಆಗ ಅವರು ಮನೆ ಹಿಡಿದು ಕೂಡಲಿಲ್ಲ, ಮತ್ತೆ ನಟನೆಗೆ ಬಂದರು. ಕಡೆಕಡೆಗೆ ನಾಯಕಿಯ ಪಾರ್ಟಲ್ಲ, ಪೋಷಕ ಪಾತ್ರಗಳನ್ನೇ ಮಾಡಿದರು.

ನನಗೆ ಬಹಳ ಹಿಡಿಸಿದ್ದು ಇದೇ ಮಾತು. ನಮ್ಮ ಸಾಲಿ ಗ್ಯಾದರಿಂಗಿನಲ್ಲಿ ಎಲ್ಲಾರೂ ರಾಣಿ ಪಾರ್ಟು ಬೇಕಂತ ಜಗಳಾಡುತ್ತಾರೆ. ಮುದುಕಿ ಪಾರ್ಟು, ದಾಸಿ ಪಾರ್ಟು ಯಾರಿಗೂ ಬೇಡ. ಆದರೆ ದಾಸಿ ಬಂದು ಸುದ್ದಿ ಹೇಳದಿದ್ದರೆ ರಾಣಿ ಅಳುವುದಾದರೂ ಹೇಗೆ? ದೇಶವೇ ಕೇಳಿದ ದನಿಯವರು ಸಣ್ಣ ಪಾರ್ಟು ಮಾಡಿದರೆಂದರೆ ಅದು ಕಡಿಮೆ ಕೆಲಸ ಅಲ್ಲ ಅಂತ ನನಗೆ ಅನಿಸುತ್ತದೆ. ನಮ್ಮ ಆಯಿ ಹೆಣ್ಣುಹುಡುಗರಿಗೆ ನಾಟಕ ಯಾಕ ಬೇಕು ಅಂತಾಳೆ. ಆಕೆಗೂ ಈ ಕಥೆ ಹೇಳಬೇಕೆಂದಿದ್ದೇನೆ.

ವಿಜಾಪುರದಲ್ಲಿ ಅವರ ಹೆಸರಿನ ಅಮೀರ ಟಾಕೀಜ್ ಇತ್ತು. 1965ರ ಮಾರ್ಚ್ 3ರಂದು ಲಕ್ವಾ ಹೊಡೆದು ಅವರು ತೀರಿಕೊಂಡರು. ವಿಜಾಪುರದಲ್ಲೇ ಮಣ್ಣು ಮಾಡಿದರು. ಗೆಳತಿಯರೇ, ರೇಡಿಯೋದಾಗ ಹಳೇ ಹಾಡು ಬಂದರೆ ಹಾಡಿದವರು ಯಾರು ಅಂತ ಒಮ್ಮೆ ಕೇಳಿರಿ. ನಮ್ಮ ಹೊಳಿ ದಂಡಿಯ ದನಿಯೇ ಇದ್ದೀತು.