ಶಿಖರ್ಜಿಯಿಂದ ಮರಳಿದ ಸಾತಗೌಡರು

ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಭೋಜ ಗ್ರಾಮವು ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿದೆ. ಆ ಊರಿನ ಪಾಟೀಲ ಮನೆತನದ ಭೀಮಗೌಡರಿಗೂ ಸತ್ಯವತಿಯವರಿಗೂ 1872ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರೆಂದು ಆಸೇತುಹಿಮಾಚಲ ಪೂಜ್ಯರಾದರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಅವರಿಗೆ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲವಧು ತೀರಿಕೊಂಡಳು. ಮತ್ತೆ ಮದುವೆಯ ಮಾತಿಗೆ ಅವರು ಒಪ್ಪಲಿಲ್ಲ. ಹೊಲದ ಕೆಲಸ, ಜೊತೆಗೆ ಮನೆಯ ಬಟ್ಟೆಯ ಅಂಗಡಿ. ಅಂಗಡಿಗೆ ಬಂದ ಗಿರಾಕಿಗಳಿಗೆ ತಾವೇ ಬಟ್ಟೆಯನ್ನು ಅಳೆದುಕೊಂಡು ಲೆಕ್ಕ ಬರೆದಿಡುವಂತೆ ಹೇಳುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಬರುತ್ತದೆ. ವ್ಯಾಪಾರಕ್ಕೆ ಹೇಳಿಮಾಡಿಸಿದ ಸ್ವಭಾವವಂತೂ ಅದಲ್ಲ.

ಮುನಿದೀಕ್ಷೆಯ ಹಂಬಲವು ಯೌವನದಲ್ಲಿಯೇ ಇತ್ತು. ಆದರೆ ತಾವು ಬದುಕಿರುವವರೆಗೆ ಮನೆಬಿಟ್ಟು ಹೋಗಬಾರದೆಂದು ತಂದೆಯವರು ಕೇಳಿಕೊಂಡಿದ್ದರು. ಮಗನು ಆ ಮಾತಿಗೆ ಕಟ್ಟುಬಿದ್ದಿದ್ದನು. ಇಂತಹ ಸ್ಥಿತಿಯಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಸಾತಗೌಡರು ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದಶಿಖರ್ಜಿಯ ಯಾತ್ರೆಗೆ ಹೊರಟರು. ಆಗ ಅವರಿಗೆ ವಾಹನತ್ಯಾಗದ ನಿಯಮವಿರಲಿಲ್ಲ. ಬೆಟ್ಟವನ್ನಂತೂ ಕಾಲ್ನಡಿಗೆಯಿಂದಲೇ ಏರಿದರು. ಏರಲಾರದೆ ಬಳಲಿದ ಒಬ್ಬ ವೃದ್ಧೆಯನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರೆಂದು ಭಕ್ತರು ಇಂದಿಗೂ ಹೇಳುತ್ತಾರೆ. ಆ ಪುಣ್ಯಗಿರಿಯಲ್ಲಿ ತುಪ್ಪ ಮತ್ತು ಎಣ್ಣೆಗಳನ್ನು ಯಾವಜ್ಜೀವ ತ್ಯಜಿಸಿದರು. ಊರಿಗೆ ಹಿಂದಿರುಗಿದ ಮೇಲೆ ದಿನಕ್ಕೆ ಒಂದೇ ಹೊತ್ತಿನ ಊಟದ ನಿಯಮವನ್ನೂ ಕೈಕೊಂಡರು.

ಹೊರಗಿನಿಂದ ನೋಡುವವರಿಗೆ ಅದೇ ಮನೆ, ಅದೇ ಹೊಲ. ಯಾತ್ರೆಗೆ ಹೋಗಿಬಂದವರು ನಾಲ್ಕು ದಿನ ಪ್ರಸಾದ ಹಂಚಿ ಹಳೆಯ ಜೀವನಕ್ಕೆ ಮರಳುವುದು ಲೋಕದ ವಾಡಿಕೆ. ಇವರಾದರೋ ಯಾತ್ರೆಯನ್ನು ಮನೆಯೊಳಗೇ ಮುಂದುವರಿಸಿದರು. ಬೇಸಾಯದ ದುಡಿಮೆಯ ನಡುವೆ, ಬಂಧುಗಳ ಪಂಕ್ತಿಯಲ್ಲಿ, ವರ್ಷಗಳ ಕಾಲ ಈ ವ್ರತವನ್ನು ಸದ್ದಿಲ್ಲದೆ ನಡೆಸಿದ್ದು ಮುಂದಿನ ಅವರ ಉಗ್ರತಪಸ್ಸಿಗಿಂತ ಸುಲಭವಾಗಿತ್ತೆಂದು ಎಣಿಸಲಾಗದು. ಅಣ್ಣ ದೇವಗೌಡರೂ ಕಾಲಾಂತರದಲ್ಲಿ ಇದೇ ಮಾರ್ಗವನ್ನು ಹಿಡಿದು ವರ್ಧಮಾನಸಾಗರರೆಂಬ ಮುನಿಗಳಾದರು.

ತಂದೆತಾಯಿಗಳ ಮರಣಾನಂತರ ಸಾತಗೌಡರು ಉತ್ತೂರಿನಲ್ಲಿ ದೇವಪ್ಪಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ಬಳಿಕ ನೇಮಿನಾಥಸ್ವಾಮಿಯ ಮೋಕ್ಷಸ್ಥಾನವಾದ ಗಿರನಾರಿಗೆ ಹೋಗಿ, ಅಲ್ಲಿ ಐಲಕ ಪದವನ್ನು ಸ್ವೀಕರಿಸಿದರು. ಅಲ್ಲಿಂದ ಮರಳುವಾಗ ಕುಂಡಲ ಕ್ಷೇತ್ರದಲ್ಲಿ, ಇನ್ನು ಮುಂದೆ ಯಾವ ವಾಹನವನ್ನೂ ಏರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ರೈಲು ದೇಶವನ್ನೆಲ್ಲ ಹತ್ತಿರ ತಂದಿದ್ದ ಕಾಲದಲ್ಲಿ ಅವರಿಗೆ ದೇಶವು ಮತ್ತೆ ವಿಶಾಲವಾಯಿತು.

1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ. ಆ ದಿನಗಳಲ್ಲಿ ದಕ್ಷಿಣದ ಮುನಿಗಳು ಊರೊಳಗೆ ಬರುವಾಗ ವಸ್ತ್ರವನ್ನು ಹೊದೆಯುವುದು, ಮೊದಲೇ ಗೊತ್ತುಮಾಡಿದ ಮನೆಯಲ್ಲಿ ಆಹಾರ ತೆಗೆದುಕೊಳ್ಳುವುದು ರೂಢಿಗೆ ಬಂದಿತ್ತು. ಉತ್ತರದಲ್ಲಿ ದಿಗಂಬರ ಮುನಿಗಳ ದರ್ಶನವೇ ದುರ್ಲಭವಾಗಿತ್ತು. ಆಚಾರ್ಯರು ಶಾಸ್ತ್ರೋಕ್ತ ಚರ್ಯೆಯನ್ನೇ ಪಾಲಿಸಿ ತೋರಿಸಿದರು.

1927ರ ವರ್ಷಾಯೋಗವನ್ನು ಕುಂಭೋಜದ ಬಾಹುಬಲಿ ಕ್ಷೇತ್ರದಲ್ಲಿ ಮುಗಿಸಿ, ಚತುಸ್ಸಂಘ ಸಮೇತರಾಗಿ ಅವರು ಮತ್ತೊಮ್ಮೆ ಶಿಖರ್ಜಿಗೆ ಹೊರಟರು. ಈ ಬಾರಿ ಬರಿಗಾಲು, ಕೈಯಲ್ಲಿ ಪಿಂಛಿ ಕಮಂಡಲು. ಮುಂಬಯಿಯ ಒಂದು ಶ್ರೇಷ್ಠಿ ಕುಟುಂಬವು ಸಂಘದ ವ್ಯವಸ್ಥೆಯನ್ನು ಹೊತ್ತಿತು. ನಾಗಪುರದ ದಾರಿಯಾಗಿ ನಡೆದ ಸಂಘವು 1928ರ ಆದಿಭಾಗದಲ್ಲಿ ಗಿರಿರಾಜನ ಪಾದವನ್ನು ಸೇರಿತು. ಗೃಹಸ್ಥರಾಗಿ ತುಪ್ಪ ಎಣ್ಣೆಗಳನ್ನು ಬಿಟ್ಟ ಬೆಟ್ಟವನ್ನು, ಸರ್ವವನ್ನೂ ಬಿಟ್ಟ ಆಚಾರ್ಯರಾಗಿ ಕಂಡರು.

ಅಲ್ಲಿಂದ ಒಡನೆ ದಕ್ಷಿಣಕ್ಕೆ ಮರಳಲಿಲ್ಲ. ಕಟನಿ, ಲಲಿತಪುರ, ಮಥುರಾ, ದಿಲ್ಲಿ, ಜಯಪುರ, ಉದಯಪುರ — ಹೀಗೆ ವರ್ಷಕ್ಕೊಂದೆಡೆ ಚಾತುರ್ಮಾಸ ನಡೆಯಿತು. 1931ರಲ್ಲಿ ದಿಲ್ಲಿಯ ರಾಜಬೀದಿಗಳಲ್ಲಿ ನಿರ್ಗ್ರಂಥ ರೂಪದಲ್ಲಿಯೇ ವಿಹರಿಸಿದರು. ಪ್ರಸಿದ್ಧ ಕಟ್ಟಡಗಳ ಮುಂದೆ ತಮ್ಮ ಛಾಯಾಚಿತ್ರ ತೆಗೆಯಲು ಅವರು ಅನುಮತಿಸಿದ್ದು, ಮುನಿವಿಹಾರಕ್ಕೆ ಅಲ್ಲಿ ತಡೆಯಿಲ್ಲವೆಂಬುದಕ್ಕೆ ಮುಂದಿನವರಿಗೆ ಸಾಕ್ಷಿಯಿರಲೆಂದೇ ಹೊರತು ಕೀರ್ತಿಕಾಮನೆಯಿಂದಲ್ಲ. ಸುಮಾರು ಒಂದು ದಶಕದ ನಂತರ, 1937ರಲ್ಲಿ, ನಾಸಿಕದ ಬಳಿಯ ಗಜಪಂಥಕ್ಕೆ ಬಂದಾಗ ಚಾರಿತ್ರಚಕ್ರವರ್ತಿ ಎಂಬ ಬಿರುದು ಸಮರ್ಪಿತವಾಯಿತು. ಮರುವರ್ಷದ ವರ್ಷಾಯೋಗ ಬಾರಾಮತಿಯಲ್ಲಿ. ಭೋಜದ ಸಾತಗೌಡರು ದಕ್ಷಿಣದ ನೆಲಕ್ಕೆ ಹಿಂದಿರುಗಿದ್ದರು. ಆದರೆ ಅವರಿಗೆ ಈಗ ತನ್ನದೆನ್ನುವ ಊರಿರಲಿಲ್ಲ.

ವೃದ್ಧಾಪ್ಯದಲ್ಲಿ ದೃಷ್ಟಿಯು ಮಂದವಾಗುತ್ತ ಬಂದಿತು. ಈರ್ಯಾಸಮಿತಿಯಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕಾದ ಮುನಿಗೆ ಕಣ್ಣು ಕಾಣದಿದ್ದರೆ ಜೀವದಯೆಯ ಪಾಲನೆ ಹೇಗೆ? ಕುಲಭೂಷಣ ದೇಶಭೂಷಣ ಮುನಿಗಳ ಸಿದ್ಧಕ್ಷೇತ್ರವಾದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಅವರು ಸಲ್ಲೇಖನವನ್ನು ಸ್ವೀಕರಿಸಿದರು. 36ನೆಯ ದಿನ, ಸೆಪ್ಟೆಂಬರ್ 18ರಂದು, ಆ ಬೆಟ್ಟದ ಮೇಲೆಯೇ ಸಮಾಧಿಮರಣವನ್ನು ಹೊಂದಿದರು.